ಪಾತ್ರ, ಪಾತ್ರೆ

ಕೋಲಾರದ ಕಾಲೇಜು, ಎರಡನೇ ಮಹಡಿ, ಫ್ಯಾನು ಕೆಟ್ಟ ಕೋಣೆ.
ಮಧ್ಯಾಹ್ನ ಎರಡೂವರೆಗೆ ಅನುವಾದಿತ ಕಾದಂಬರಿ ಪತ್ರಿಕೆ.
ಮುನ್ನೂರ ತೊಂಬತ್ತು ಪುಟ. ಆಫ್ರಿಕದ ಒಂದು ಹೊಳೆ,
ಹೊಳೆದಂಡೆಗೆ ಬಂದಿಳಿದ ಪಾದ್ರಿ, ಅವನ ಹೆಂಡತಿ,
ಎರಡು ಗಂಡು, ಒಂದು ಹೆಣ್ಣು,
ಗೆದ್ದಲು ಹಿಡಿದ ಹಾರ್ಮೋನಿಯಂ.

ಪಾದ್ರಿಗೆ ಅಲ್ಲಿಯ ಭಾಷೆಯಲ್ಲಿ ಕೃಪೆಗೊಂದು ಶಬ್ದ ಬೇಕು.
ಇಪ್ಪತ್ತೆರಡು ಅಧ್ಯಾಯ ಹುಡುಕುತ್ತಾನೆ.
ಸಿಕ್ಕಿದ್ದಕ್ಕೆಲ್ಲ ಮಳೆಯ, ಸಾಲದ, ಮೊಲೆಹಾಲಿನ ವಾಸನೆ;
ಒಂದನ್ನೂ ಒಪ್ಪುವುದಿಲ್ಲ.
ವಿಮರ್ಶಕರು ಇದನ್ನು ದುರಂತ ಎಂದಿದ್ದಾರೆ.
ನಾನೂ ಬೋರ್ಡಿನ ಮೇಲೆ ಬರೆದೆ, ದುರಂತ,
ಕೆಳಗೊಂದು ಗೆರೆ ಎಳೆದೆ.

ಆಮೇಲೆ, ಯಾಕೋ, ಕೇಳಿದೆ:
ಈ ಮನೆಯಲ್ಲಿ ಅಡುಗೆ ಮಾಡಿದ್ದು ಯಾರು?

ಪುಟ ಮಗುಚುವ ಸದ್ದು. ಕೆಳಗೆ ರಸ್ತೆಯಲ್ಲಿ
ಟೊಮ್ಯಾಟೊ ಕ್ರೇಟು ಹೇರಿದ ಲಾರಿ ಗೇರು ಬದಲಿಸಿತು.
ಅವಳಿಗೆ ಹೆಸರಿಲ್ಲ. ಇಡೀ ಪುಸ್ತಕದಲ್ಲಿ ಹನ್ನೊಂದು ಮಾತು,
ಪೆನ್ಸಿಲಿನಲ್ಲಿ ನಾನೇ ಎಣಿಸಿದ್ದೇನೆ.
"ಆಗಲಿ ಅಮ್ಮಾ" ಏಳು ಸಲ. "ನೀರು ಕಾದಿದೆ" ಎರಡು.
"ಮಗು ಉಸಿರಾಡುತ್ತಿಲ್ಲ" ಒಂದು.
ಹನ್ನೊಂದನೆಯದು ಅವಳದೇ ನುಡಿ.
ಪಾದ್ರಿ ಹೊಸಿಲಲ್ಲಿ ನಿಂತಾಗ
ಬೆನ್ನು ತಿರುಗಿಸಿ ಒಲೆಗೆ ಹೇಳಿದ್ದು.
ಅನುವಾದಕರು ಅದನ್ನು ಹಾಗೇ ಬಿಟ್ಟು
ಅಡಿಟಿಪ್ಪಣಿ ಕೊಟ್ಟಿದ್ದಾರೆ: ಸ್ಥಳೀಯ ಉದ್ಗಾರ. ಅರ್ಥವಿಲ್ಲ.

"ಪ್ರಾರ್ಥನೆ ಮೇಡಂ," ಎಂದಳು ಮುಂದಿನ ಬೆಂಚು.
"ಬೈಗುಳ," ಎಂದ ಬೇತಮಂಗಲದ ಚೌಡರೆಡ್ಡಿ.
ಮುಳಬಾಗಿಲ ಕಡೆಯ ನಾಗವೇಣಿ ಎದ್ದು ನಿಂತಳು,
ಎಂದೂ ಮಾತಾಡದವಳು:
"ಎರಡೂ ಇರಬೌದು ಮೇಡಂ. ನಮ್ಮಮ್ಮ ಬಿಸಿಯೂಟ ಮಾಡ್ತಾಳೆ,
ಒಲೆ ಮುಂದೆ ದಿನಾ ಏನೋ ಅಂತಾಳೆ, ತೆಲುಗಲ್ಲಿ.
ಹೆಡ್ಮಾಸ್ಟರಿಗೆ ತೆಲುಗು ಬರಲ್ಲ."

ತರಗತಿ ನಕ್ಕಿತು. ನಾನು ಸ್ವಲ್ಪ ತಡವಾಗಿ ನಕ್ಕೆ.

ಹೇಳಲಿಲ್ಲ ಅವರಿಗೆ, ಇದೇ ಊರಿನ
ಮಿಷನ್ ಕಾಂಪೌಂಡಿನ ಗೋಡೆಯ ಮೇಲೊಂದು ಫೋಟೋ ಇದೆ ಎಂದು.
ದೊರೆ, ದೊರೆಸಾನಿ, ಬಿಳಿ ಫ್ರಾಕಿನ ಕೂಸು.
ಕೂಸು ಬೀಳದಂತೆ ಬೆನ್ನಿಗೆ ಆನಿಸಿದ ಕಪ್ಪು ಕೈ,
ಮಣಿಕಟ್ಟಿನವರೆಗೆ ಮಾತ್ರ;
ಅಲ್ಲಿಗೆ ಚೌಕಟ್ಟು ಮುಗಿಯುತ್ತದೆ.
ಆ ಕೈ ನನ್ನ ಮುತ್ತಜ್ಜಿ.

ಬರದ ವರ್ಷ ಗೇಟಿನ ಹತ್ತಿರ ಸಿಕ್ಕವಳು.
ರಿಜಿಸ್ಟರಿನಲ್ಲಿ ರಾಹೇಲಮ್ಮ;
ಮೊದಲಿನ ಹೆಸರಿನ ಕಾಲಂನಲ್ಲಿ ಮಸಿಯ ಅಡ್ಡಗೆರೆ.
ರಾತ್ರಿ ಒಲೆ ಆರಿಸುವಾಗ ಏನೋ ಅನ್ನುತ್ತಿದ್ದಳಂತೆ.
ನಮ್ಮಜ್ಜಿ ಅದನ್ನು ಆಮೆನ್ ಎಂದುಕೊಂಡಿದ್ದಳು, ಬಹಳ ವರ್ಷ.

ಸುಳ್ಳು ಹೇಳಲಾರೆ, ಅಕ್ಷರ ಬಂದದ್ದು ಆ ಗೇಟಿನಿಂದಲೇ.
ಈ ಡಸ್ಟರು, ಈ ಹಾಜರಿ ಪುಸ್ತಕ,
ತಪ್ಪು ಹುಡುಕುವ ಈ ಕನ್ನಡಕ ಕೂಡ.
ಪಾದ್ರಿಯನ್ನು ಬೈಯಲು ಬಾಯಿ ತೆರೆದರೆ
ಒಳಗಿರುವ ಅನ್ನ ಯಾರದೆಂದು ನಾಲಗೆ ಕೇಳುತ್ತದೆ;
ಹೊಗಳಹೊರಟರೆ ಆ ಕೈ,
ಚೌಕಟ್ಟಿನಾಚೆ ಎಲ್ಲೋ ಇನ್ನೂ ನಿಂತ ಆ ಹೆಂಗಸು.

ಪರೀಕ್ಷೆಗೆ ನಾನೇ ಹಾಕಿದೆ, ಐದು ಅಂಕಕ್ಕೆ:
ಅಡುಗೆಯವಳ ಪಾತ್ರವನ್ನು ವಿವರಿಸಿ.
ಚೌಡರೆಡ್ಡಿ ನನ್ನ ನೋಟ್ಸನ್ನೇ ನನಗೆ ವಾಪಸು ಕೊಟ್ಟ,
ವಸಾಹತು, ಅಂಚು, ಮೌನ, ಎಲ್ಲ ಸರಿಯಾಗಿ.
ನಾಗವೇಣಿಯದು ನಾಲ್ಕೇ ಸಾಲು:
"ಈ ಕಾದಂಬರಿಯಲ್ಲಿ ಅಡುಗೆಯವಳ ಪಾತ್ರೆ ತುಂಬ ದೊಡ್ಡದು.
ಎಲ್ಲರೂ ಅದರಿಂದ ಉಂಡರು.
ಪಾದ್ರಿ ಹುಡುಕಿದ ಪದ ಅದರ ತಳದಲ್ಲಿ ಸೀದು ಹತ್ತಿತ್ತು.
ಉಜ್ಜಿದವಳು ಅವಳೇ."

ಪಾತ್ರೆಯ ಎತ್ವಕ್ಕೆ ಕೆಂಪು ಪೆನ್ನು ತಾಗಿಸಿ
ಸುತ್ತಲು ಹೋದವಳು ನಿಂತೆ.
ಮಸಿ ಒಂದು ಚುಕ್ಕೆಯಷ್ಟು ಒಸರಿ ಹರಡಿತು.
ಕಿಟಕಿಯಾಚೆ ಅಂತರಗಂಗೆ ಬೆಟ್ಟ, ಬಂಡೆ, ಹೊತ್ತು ಇಳಿಯುತ್ತಿತ್ತು.

ಮೂರೂವರೆ ಹಾಕಿದೆ. ಹೊಡೆದುಹಾಕಿ ನಾಲ್ಕೂವರೆ.
ಅರ್ಧ ಯಾಕೆ ಕಡಿಮೆ ಎಂದು ಅವಳು ಬಂದು ಕೇಳಿದರೆ
ಏನು ಹೇಳಲಿ?
ಇನ್ನೂ ಮೂವತ್ತೆಂಟು ಉತ್ತರಪತ್ರಿಕೆ ಬಾಕಿ ಇವೆ.